ಎಣ್ಣೆ ಕೇಳದ ಕೀಲುಗಳು

ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಂತವನ ಕೈಯನ್ನು ಒಮ್ಮೆ ಗಮನಿಸಿ. ಹಿಟ್ಟು ಹುಯ್ಯಲು ತೋಳು ಚಾಚುತ್ತದೆ, ಹರಡಲು ಮೊಣಕೈ ಮಡಚಿ ಬಿಚ್ಚುತ್ತದೆ, ದೋಸೆ ಎಬ್ಬಿಸಲು ಮುಂಗೈ ತಿರುಗುತ್ತದೆ. ಎಲುಬು ತಾನಾಗಿ ಬಾಗುವುದಿಲ್ಲ. ಎರಡು ಎಲುಬು ಕೂಡುವ ಜಾಗದಲ್ಲಿ ಮಾತ್ರ ಈ ಚಲನೆ ಸಾಧ್ಯ. ಅದೇ ಕೀಲು. ವಯಸ್ಕರ ದೇಹದ 206 ಎಲುಬುಗಳು ಹೊಂದಿಕೊಂಡು ಕೆಲಸ ಮಾಡುವುದು ಕೀಲುಗಳಿಂದಲೇ.

ಎಲ್ಲ ಕೀಲುಗಳೂ ಚಲಿಸುವುದಿಲ್ಲ. ತಲೆಬುರುಡೆಯ ಎಲುಬುಗಳು ಹೊಲಿಗೆ ಹಾಕಿದಂತೆ ಕೂಡಿಕೊಂಡು ಮೆದುಳನ್ನು ಕಾಯುತ್ತವೆ. ಎಳೆಗೂಸಿನಲ್ಲಿ ಅವು ಇನ್ನೂ ಪೂರ್ತಿ ಕೂಡಿರುವುದಿಲ್ಲ. ನೆತ್ತಿ ಮೆತ್ತಗಿರುವುದು ಅದಕ್ಕೇ. ಬೆನ್ನೆಲುಬಿನ ಮಣಿಗಳ ನಡುವೆ ಮೃದ್ವಸ್ಥಿಯ ಬಿಲ್ಲೆಗಳಿವೆ. ಅಲ್ಲಿ ಚಲನೆ ಅಲ್ಪ.

ಸರಾಗವಾಗಿ ಚಲಿಸುವ ಕೀಲುಗಳಲ್ಲಿ ಹಲವು ಬಗೆ. ಭುಜ ಮತ್ತು ಸೊಂಟದಲ್ಲಿರುವುದು ಚೆಂಡು-ಕುಳಿ ಕೀಲು. ಭುಜದ ಕುಳಿ ಆಳವಿಲ್ಲ. ಆದ್ದರಿಂದ ತೋಳು ಎಲ್ಲ ದಿಕ್ಕಿಗೂ ತಿರುಗುತ್ತದೆ, ಆದರೆ ಸುಲಭವಾಗಿ ಕೀಲು ತಪ್ಪುವುದೂ ಅಲ್ಲೇ. ಗರಡಿಮನೆಯ ಪೈಲ್ವಾನರಿಗೆ ಇದು ಗೊತ್ತು. ಸೊಂಟದ ಕುಳಿ ಆಳ. ಅಲ್ಲಿ ತಿರುಗಾಟ ಕಡಿಮೆ, ಭದ್ರತೆ ಹೆಚ್ಚು. ಮೊಣಕೈಯದು ಬಾಗಿಲಿನ ಬಿಜಾಗರಿಯಂತೆ ಒಂದೇ ದಿಕ್ಕಿನ ಚಲನೆ. ಮೊಣಕಾಲೂ ಬಹುಮಟ್ಟಿಗೆ ಹಾಗೆಯೇ. ಬಗ್ಗಿಸಿದಾಗ ತುಸು ತಿರುಗಲೂಬಲ್ಲದು. ಕತ್ತನ್ನು ಅತ್ತಿತ್ತ ಆಡಿಸಿ 'ಇಲ್ಲ' ಎನ್ನುವಾಗ, ಬೀಗದಕೈ ತಿರುಗಿಸುವಾಗ ಕೆಲಸ ಮಾಡುವುದು ತಿರುಗು ಕೀಲು. ಹೆಬ್ಬೆರಳಿನ ಬುಡದಲ್ಲಿ ಕುದುರೆಯ ಜೀನಿನ ಆಕಾರದ ಕೀಲಿದೆ. ಹೆಬ್ಬೆರಳು ಬಳಸದೆ ಅಂಗಿಯ ಗುಂಡಿ ಹಾಕಿ ನೋಡಿ, ಅದರ ಬೆಲೆ ತಿಳಿಯುತ್ತದೆ. ಮಣಿಕಟ್ಟಿನ 8 ಪುಟ್ಟ ಎಲುಬುಗಳು ಒಂದರ ಮೇಲೊಂದು ಜಾರುತ್ತವೆ.

ಇಷ್ಟೆಲ್ಲ ಚಲನೆಯಿದ್ದೂ ಎಲುಬುಗಳೇಕೆ ಸವೆದುಹೋಗುವುದಿಲ್ಲ? ಇದಕ್ಕೆ ಹರಿಹರದ ಕಡೆ ನೋಡಬೇಕು. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇಥ್ ಯಂತ್ರಗಳಿಗೆ ಹೆಸರಾಗಿತ್ತು. ಕಾರ್ಖಾನೆ ಮುಚ್ಚಿದೆ; ಆದರೆ ಲೇಥ್ ಮುಂದೆ ನಿಂತು ದುಡಿದ ಯಾರನ್ನು ಕೇಳಿದರೂ ಒಂದೇ ಮಾತು: ಎಣ್ಣೆ, ಗ್ರೀಸ್ ಇಲ್ಲದೆ ಯಂತ್ರ ಉಳಿಯದು. ನಮ್ಮ ಕೀಲು ತನ್ನ ಎಣ್ಣೆಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಎಲುಬಿನ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ, ಕೀಲಿನ ಸುತ್ತ ಚೀಲದಂಥ ಪೊರೆ, ಅದರೊಳಗೆ ಲೋಳೆಯಂಥ ಕೀಲುದ್ರವ. ಬೆರಳಿನ ನೆಟಿಗೆ ತೆಗೆದಾಗ ಬರುವ ಸದ್ದು ಎಲುಬು ಮುರಿದದ್ದಲ್ಲ. ಈ ದ್ರವದಲ್ಲಿ ಉಂಟಾಗುವ ಗಾಳಿಗುಳ್ಳೆಗೆ ಸಂಬಂಧಿಸಿದ್ದು.

ಇನ್ನೊಂದು ವಿಶೇಷವಿದೆ. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಅದಕ್ಕೆ ಪೋಷಣೆ ಸಿಗುವುದು ಮುಖ್ಯವಾಗಿ ಕೀಲುದ್ರವದಿಂದ. ನಡೆದಾಗ ಅದು ಸ್ಪಂಜಿನಂತೆ ಅದುಮಿ ಹಿಗ್ಗುತ್ತ ದ್ರವವನ್ನು ಹೀರಿಕೊಳ್ಳುತ್ತದೆ. ಯಂತ್ರ ಓಡಿದಷ್ಟೂ ಸವೆಯುತ್ತದೆ. ಕೀಲು ಹಿತಮಿತವಾಗಿ ಆಡಿದಷ್ಟೂ ಆರೋಗ್ಯವಾಗಿರುತ್ತದೆ. ಪ್ಲಾಸ್ಟರ್ ಬಿಚ್ಚಿದ ಮೊಣಕೈ ಬಿಗಿದುಕೊಂಡಿರುವುದನ್ನು ಅನೇಕರು ಕಂಡಿದ್ದಾರೆ. ಕೆಲವೇ ವಾರ ಆಡದಿದ್ದರೆ ಕೀಲಿಗೆ ಬರುವ ಸ್ಥಿತಿ ಅದು.

ತಂದೆತಾಯಿಗಳು ಯೋಚಿಸಬೇಕಾದದ್ದು ಇಲ್ಲೇ. ಪರೀಕ್ಷೆ ಬಂತೆಂದು ಮಕ್ಕಳ ಆಟ ನಿಲ್ಲಿಸುವುದು, ಬಿಡುವಿನಲ್ಲೂ ಮೊಬೈಲ್ ಹಿಡಿದು ಕುಳಿತರೆ ಸುಮ್ಮನಿರುವುದು ಎರಡೂ ಸರಿಯಲ್ಲ. ಓದಿನ ನಡುವೆ ಆಗಾಗ ಎದ್ದು ಓಡಾಡಲಿ, ಸಂಜೆ ಬಯಲಿಗೆ ಹೋಗಲಿ. ಮಂಡಿನೋವೆಂದು ಮನೆಯ ಹಿರಿಯರು ನಡೆಯುವುದನ್ನೇ ಬಿಟ್ಟರೆ ತೊಡೆಯ ಸ್ನಾಯು ಸೊರಗಿ ನೋವು ಹೆಚ್ಚುತ್ತದೆ. ವೈದ್ಯರನ್ನು ಕೇಳಿ, ಆಗುವಷ್ಟು ನಡೆಯುವುದು ಮೇಲು. ಮೈತೂಕ ಇಳಿದರೆ ಮಂಡಿಯ ಹೊರೆಯೂ ಇಳಿಯುತ್ತದೆ.

ಆದರೆ ಕೀಲು ತಪ್ಪಿದಾಗ ಮನೆಯಲ್ಲೇ ಎಳೆದು ಕೂರಿಸಲು ಹೋಗಬಾರದು, ತಿಕ್ಕಲೂಬಾರದು. ಒಳಗೆ ಎಲುಬು ಮುರಿದಿರಬಹುದು, ನರಕ್ಕೂ ಪೆಟ್ಟಾಗಬಹುದು. ಅಲುಗದಂತೆ ಬಟ್ಟೆ ಕಟ್ಟಿ ಆಸ್ಪತ್ರೆಗೆ ಒಯ್ಯಬೇಕು. ಮಗುವಿನ ಕೀಲು ಊದಿ, ಜೊತೆಗೆ ಜ್ವರ ಬಂದರೆ ಬೆಳಗಿನವರೆಗೂ ಕಾಯಬೇಡಿ.