ಆರನೆಯ ಮಣಿ ಕೆಂಪು

ಮಹಾರಾಷ್ಟ್ರದ ಗಡಚಿರೋಲಿಯಿಂದ ಧಾನೋರಾ ರಸ್ತೆ ಹಿಡಿದು ಶೋಧಗ್ರಾಮಕ್ಕೆ ಹೋದದ್ದು ಆಸ್ಪತ್ರೆ ನೋಡಲು. ಬಹಳ ಹೊತ್ತು ನೋಡುತ್ತ ಕೂತದ್ದು ಮಾತ್ರ ಒಂದು ಮಣಿಹಲಗೆಯನ್ನು. ಒಂದನೇ ತರಗತಿಯ ಮಣಿಚೌಕಟ್ಟಿನ ತಮ್ಮನಂತಿದೆ. ಜೊತೆಗೊಂದು ನಿಮಿಷದ ಮರಳು ಗಡಿಯಾರ. ಮೇಲಿನ ಸಾಲು ಎರಡು ತಿಂಗಳೊಳಗಿನ ಕೂಸಿಗೆ: ಐದು ಹಸಿರು ಮಣಿ, ಒಂದು ಕೆಂಪು. ಕೆಳಗಿನದು ಅದಕ್ಕಿಂತ ದೊಡ್ಡ ಮಗುವಿಗೆ: ನಾಲ್ಕು ಹಸಿರು, ಒಂದು ಕೆಂಪು.

ವಯಸ್ಸಾದ ದಾಯಿಯೊಬ್ಬರು ಗಡಿಯಾರ ಬೋರಲು ಹಾಕಿ ತೋರಿಸಿದರು. ಕೂಸಿನ ಹೊಟ್ಟೆ ಹತ್ತು ಸಲ ಎದ್ದಿಳಿದರೆ ಒಂದು ಮಣಿ ಸರಿಸಬೇಕು. ಮರಳು ಮುಗಿಯುವ ಮೊದಲೇ ಕೆಂಪು ಮಣಿ ಸರಿಯಿತೋ, ನ್ಯುಮೋನಿಯಾ ಎಂದು ಔಷಧ ಶುರು. ಅಳುವ ಕೂಸಿನ ಉಸಿರು ಲೆಕ್ಕಕ್ಕಿಲ್ಲ, ಸುಮ್ಮನಾಗುವವರೆಗೆ ಕಾಯಬೇಕು. ಹತ್ತು ಹನ್ನೆರಡರಾಚೆ ಎಣಿಕೆ ಬಾರದ ದಾಯಂದಿರಿಗಾಗಿ ಹುಟ್ಟಿದ ಉಪಾಯವಿದು; ಅರವತ್ತು ಎಂಬ ಸಂಖ್ಯೆಯೇ ಗೊತ್ತಿರಬೇಕಿಲ್ಲ! ನನ್ನ ಉಸಿರನ್ನೇ ಎಣಿಸಲು ಕೂತೆ. ಎಣಿಸತೊಡಗಿದ್ದೇ ತಡ, ಉಸಿರು ಲಯ ತಪ್ಪಿತು. ಎರಡನೇ ಮಣಿ ಸರಿಯುವಷ್ಟರಲ್ಲಿ ಮರಳು ಖಾಲಿ. ಆಕೆ ನಕ್ಕರು.

ಹಳ್ಳಿ ಉದ್ಧಾರದ ಸಲಕರಣೆಗಳೆಂದರೆ ನನಗೆ ಅನುಮಾನ. ಅಟ್ಟ ಸೇರಿದ ಹೊಗೆರಹಿತ ಒಲೆಗಳನ್ನು ಬೇಕಾದಷ್ಟು ಕಂಡಿದ್ದೇನೆ. ಇದು ಅಟ್ಟ ಸೇರಲಿಲ್ಲ. ವೈದ್ಯ ದಂಪತಿ ಅಭಯ್ ಮತ್ತು ರಾಣಿ ಬಂಗ್ 1986ರಲ್ಲಿ ಗಡಚಿರೋಲಿಯಲ್ಲಿ 'ಸರ್ಚ್' ಸಂಸ್ಥೆ ಕಟ್ಟಿದರು; ಆಸ್ಪತ್ರೆಯೂ ಮಣಿಹಲಗೆಯೂ ಅದರದ್ದೇ. ಹಳ್ಳಿಯ ಹೆಂಗಸರೇ ಮನೆಬಾಗಿಲಲ್ಲಿ ಎಳೆಗೂಸುಗಳ ಆರೈಕೆ ಮಾಡಿದ್ದರಿಂದ ನವಜಾತ ಶಿಶುಗಳ ಸಾವು ಶೇ 62ರಷ್ಟು ಇಳಿಯಿತೆಂದು 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿತು. 2018ರಲ್ಲಿ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂತಲ್ಲ, ಅದೇ ಪಟ್ಟಿಯಲ್ಲಿ ಈ ದಂಪತಿಯೂ ಇದ್ದರು.

ಅಭಯ್ ಬಂಗ್ ಉಸಿರಿಗೂ ಮೊದಲು ಇನ್ನೊಂದನ್ನು ಎಣಿಸಿದ್ದರು. ಮಹಾರಾಷ್ಟ್ರದ ಕೂಲಿಕಾರರಿಗೆ ದಿನಕ್ಕೆ 4 ರೂಪಾಯಿ ಸಾಕೆಂದು ಸಮಿತಿಯೊಂದು ಹೇಳಿತ್ತು. ಮೈಮುರಿದು ದುಡಿಯುವವರಿಗೆ ಎಷ್ಟು ಅನ್ನ ಬೇಕು, ಮಕ್ಕಳ ಹೊಟ್ಟೆಗೆಷ್ಟು ಎಂದು ಇವರು ಹೊಸದಾಗಿ ಕೂಡಿಸಿದಾಗ ಬಂದದ್ದು 12 ರೂಪಾಯಿ. ಸರ್ಕಾರ ಕೂಲಿ ಏರಿಸಿತು. ನನ್ನ ಮಟ್ಟಿಗೆ ಇದೂ ಔಷಧವೇ.

ಎಳೆಗೂಸಿನ ಮನೆಗೆ 42 ದಿನದವರೆಗೆ ಬಂದು ಹೋಗುವ ನಮ್ಮ ಆಶಾ ಕಾರ್ಯಕರ್ತೆಯರ ಕೆಲಸದ ಬೇರು ಇರುವುದೂ ಗಡಚಿರೋಲಿಯಲ್ಲೇ. ಊರಿಗೆ ಮರಳಿ ನಮ್ಮ ಬೀದಿಯ ಆಶಾ ಅಕ್ಕನಿಗೆ ಮಣಿಯ ಕಥೆ ಹೇಳಿದೆ. ಅವರ ಚೀಲದಲ್ಲಿ ಮಣಿಯಿಲ್ಲ, ಗಡಿಯಾರವಿದೆ. ಎಣಿಸುವುದು ಅದೇ ಅರವತ್ತು. 2025ರ ಜನವರಿಯಲ್ಲಿ ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕೂತವರಲ್ಲಿ ಅವರೂ ಇದ್ದರಂತೆ.