ಮುಟ್ಟಿಗೆ ಮುಂಚಿನ ದಿನಗಳ ಮನಸ್ಸು

ಮುಟ್ಟಿಗೆ ಮುಂಚಿನ ಒಂದೆರಡು ವಾರಗಳಲ್ಲಿ ಕಾಣಿಸಿಕೊಂಡು, ಸ್ರಾವ ಆರಂಭವಾದ ಕೆಲವೇ ದಿನಗಳಲ್ಲಿ ಇಳಿದುಹೋಗುವ ಸಿಡುಕು, ಅಳು, ಹೊಟ್ಟೆಯುಬ್ಬರ, ಸ್ತನಗಳ ನೋವು ಮುಂತಾದ ಲಕ್ಷಣಗಳ ಸಮೂಹಕ್ಕೆ ಪ್ರೀಮೆನ್‌ಸ್ಟ್ರುವಲ್ ಸಿಂಡ್ರೋಮ್ (ಪಿಎಂಎಸ್) ಎಂಬ ಹೆಸರನ್ನು 1953ರಲ್ಲಿ ಬ್ರಿಟನ್ನಿನ ವೈದ್ಯರಾದ ಕ್ಯಾಥರೀನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ಬಳಕೆಗೆ ತಂದರು. ಇದರಿಂದ ಬಳಲುವವರ ರಕ್ತದಲ್ಲಿ ಹಾರ್ಮೋನುಗಳ ಪ್ರಮಾಣ ಸಾಮಾನ್ಯವಾಗಿ ಇತರರಲ್ಲಿರುವಷ್ಟೇ ಇದ್ದರೂ, ಅವುಗಳ ಏರಿಳಿತಕ್ಕೆ ಮಿದುಳು, ಅದರಲ್ಲೂ ಮನಃಸ್ಥಿತಿಯನ್ನು ಹದದಲ್ಲಿಡಲು ನೆರವಾಗುವ ಸೆರೊಟೋನಿನ್ ಎಂಬ ರಾಸಾಯನಿಕದ ವ್ಯವಸ್ಥೆ, ಹೆಚ್ಚು ಸೂಕ್ಷ್ಮವಾಗಿ ಸ್ಪಂದಿಸುತ್ತದೆಂದು ತಜ್ಞರು ಭಾವಿಸುತ್ತಾರೆ. ಹೀಗಿರುವಾಗ ಯುವತಿಯ ಸಂಕಟವನ್ನು ಸ್ವಭಾವದೋಷವೆಂದು ತಳ್ಳಿಹಾಕುವುದು ಅನ್ಯಾಯವೇ ಸರಿ. ಕನಿಷ್ಠ 2 ಋತುಚಕ್ರಗಳ ಕಾಲ ಕೋಪ, ದುಃಖ, ನಿದ್ರೆಗಳನ್ನು ದಿನವೂ ಬರೆದಿಟ್ಟರೆ, ಯಾವ ಭಾವನೆ ಚಕ್ರದೊಡನೆ ಬಂದುಹೋಗುತ್ತದೆ, ಯಾವುದು ತಿಂಗಳಿಡೀ ಉಳಿಯುತ್ತದೆ ಎಂಬುದು ಅವಳಿಗೂ ವೈದ್ಯರಿಗೂ ಸ್ಪಷ್ಟವಾಗುತ್ತದೆ.