ಕಾಫಿ ಸಿಪ್ಪೆಯ ಬೂಷ್ಟು: ಕಸವೋ, ಕಾಸೋ?

ಕೊಡ್ಲಿಪೇಟೆ: ಪಲ್ಪರ್ ಓಡುವ ದಿನಗಳಲ್ಲಿ ಈ ಹೋಬಳಿಯ ತೋಟಗಳ ಪಕ್ಕ ಬಸ್ಸು ಹಾದರೆ ಸಾಕು, ಹುಳಿ ನಾತ ಕಿಟಕಿಯಿಂದ ಒಳಗೆ ಬರುತ್ತದೆ. ಕಾಫಿ ಸಿಪ್ಪೆ ಕೊಳೆಯುವ ವಾಸನೆ ಅದು. ಹಸಿ ಹಣ್ಣಿನ ತೂಕದಲ್ಲಿ ನೂರಕ್ಕೆ ಸುಮಾರು 40 ಪಾಲು ಈ ಸಿಪ್ಪೆಯೇ. ಬೀಜ ಕ್ಯೂರಿಂಗ್ ವರ್ಕ್ಸ್‌ಗೆ, ಸಿಪ್ಪೆ ಗುಂಡಿಗೆ. ಅದರ ನೀರು ಹಳ್ಳಕ್ಕೆ ಇಳಿದರೆ ಮೀನಿಗೆ ಉಸಿರಾಡಲು ಗಾಳಿ ಇರೋದಿಲ್ಲ.

ಆದರೆ ಆ ರಾಶಿಯ ಮೇಲೆ ಬೆಳೆಯುವ ಬೂಷ್ಟನ್ನು ಸುಮ್ಮನೆ ಬೈದು ಪ್ರಯೋಜನವಿಲ್ಲ. ತಿನ್ನೋ ವಸ್ತುವನ್ನು ಮೊದಲು ಕರಗಿಸಲು ಬೂಷ್ಟು ಒಂದು ರಸ ಬಿಡುತ್ತದೆ. ಪಠ್ಯಪುಸ್ತಕದಲ್ಲಿ ಅದು ಕಿಣ್ವ, ಮೆಡಿಕಲ್ ಶಾಪಿನವರ ಬಾಯಲ್ಲಿ ಎಂಜೈಮ್. ಜೀರ್ಣದ ಮಾತ್ರೆಯ ಚೀಟಿ ಓದಿ ನೋಡಿ, ‘ಫಂಗಲ್ ಡಯಾಸ್ಟೇಸ್’ ಅಂತ ಹಲವು ಕಡೆ ಕಾಣುತ್ತದೆ. ಬೂಷ್ಟಿನ ಸರಕೇ ಅದು! ಬ್ರೆಡ್ ಹಿಟ್ಟಿಗೂ, ಹಣ್ಣಿನ ರಸ ತಿಳಿಯಾಗಿಸಲಿಕ್ಕೂ ಇದೇ ಬಳಗದವು ಬೇಕು.

ವಿದ್ಯೆ ಹೊಸದಲ್ಲ. ಜಪಾನಿನ ಜೋಕಿಚಿ ತಕಾಮಿನೆ ಎಂಬಾತ ಗೋಧಿ ಬೂಸಾದ ಮೇಲೆ ಬೂಷ್ಟು ಬೆಳೆಸಿ ಡಯಾಸ್ಟೇಸ್ ತೆಗೆಯುವ ಕ್ರಮಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1894ರಲ್ಲಿ. ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ಬಿ.ಕೆ. ಲೋನ್ಸಾನೆ ಮತ್ತು ಸಂಗಡಿಗರು ಇದೇ ವಿಧಾನದ ಯಂತ್ರ-ತಂತ್ರದ ಬಗ್ಗೆ 1985ರಲ್ಲೇ ಬರೆದರು. ಬೆಂಗಳೂರಿನಲ್ಲಿ 1978ರಲ್ಲಿ ಪಪ್ಪಾಯಿ ಹಾಲಿನ ಎಂಜೈಮಿನಿಂದ ಆರಂಭಿಸಿದ ಬಯೋಕಾನ್ ಮುಂದೆ ಬೂಷ್ಟಿಗೂ ಕೈಹಾಕಿತು. 2007ರಲ್ಲಿ ತನ್ನ ಎಂಜೈಮ್ ವ್ಯಾಪಾರವನ್ನು ಡೆನ್ಮಾರ್ಕಿನ ಕಂಪೆನಿಗೆ ಮಾರಿದ ಬೆಲೆ 11.5 ಕೋಟಿ ಡಾಲರ್!

ಕೆಲಸ ಹೇಗೆ? ತೌಡೋ ಬೂಸಾವೋ ಸಿಪ್ಪೆಯೋ ತೇವ ಮಾಡಿ ಹಬೆಯಲ್ಲಿ ಬೇಯಿಸಬೇಕು. ಆರಿದ ಮೇಲೆ ಆರಿಸಿದ ತಳಿಯ ಬೀಜಕಣ ಬೆರೆಸಿ ತಟ್ಟೆಗಳಲ್ಲಿ ತೆಳ್ಳಗೆ ಹರಡಬೇಕು. ಕೆಲವು ದಿನ ಬೆಚ್ಚಗಿಟ್ಟು, ನೀರಲ್ಲಿ ನೆನೆಸಿ ಸೋಸಿದರೆ ಎಂಜೈಮ್ ನೀರಿಗೆ ಇಳಿದಿರುತ್ತದೆ. ದಪ್ಪಗೆ ಹರಡಿದರೆ ಬೂಷ್ಟು ತನ್ನ ಕಾವಿಗೆ ತಾನೇ ಸಾಯುತ್ತದೆ. ದೊಡ್ಡ ಕಾರ್ಖಾನೆಗಳಿಗೂ ಇದೇ ತಲೆನೋವು.

ಕಾಫಿಗೂ ಇದಕ್ಕೂ ನೇರ ನಂಟಿದೆ. ಬೀಜಕ್ಕೆ ಅಂಟಿದ ಲೋಳೆಯಲ್ಲಿರುವುದು ಪೆಕ್ಟಿನ್. ಅದನ್ನು ಕರಗಿಸುವ ಎಂಜೈಮ್ ಪೆಕ್ಟಿನೇಸ್. ತೊಟ್ಟಿಯಲ್ಲಿ ಅರೇಬಿಕಾ ಲೋಳೆ ತಾನಾಗಿ ಬಿಡಲು ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಪೆಕ್ಟಿನೇಸ್ ಹಾಕಿದರೆ ಕೆಲವೇ ಗಂಟೆ ಸಾಕು. ಮೆಕ್ಸಿಕೋದ ಸಂಶೋಧಕರು ಕಾಫಿ ಸಿಪ್ಪೆಯ ಮೇಲೆಯೇ ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟು ಬೆಳೆಸಿ ಪೆಕ್ಟಿನೇಸ್ ತೆಗೆದದ್ದು 1993ರಲ್ಲಿ ಅಚ್ಚಾಗಿದೆ. ಅಂದರೆ ತೋಟದವರು ಸಿಪ್ಪೆ ಎಸೆದು, ಸಿಪ್ಪೆಯಿಂದಲೇ ಆಗಬಹುದಾದ ಸರಕನ್ನು ದುಡ್ಡು ಕೊಟ್ಟು ತರಿಸಬೇಕು!

ಹಾಗಂತ ಹಿತ್ತಲಲ್ಲಿ ಬೂಷ್ಟು ಬೆಳೆಸಲು ಹೊರಡುವುದು ಬೇಡ. ಸಿಕ್ಕ ಬೂಷ್ಟೆಲ್ಲ ಒಳ್ಳೇದಲ್ಲ. ಕೆಲವು ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತವೆ, ಪುಡಿ ಉಸಿರಿಗೆ ಹೋದರೆ ಎದೆಗೆ ಕೇಡು. ಇದು ಲ್ಯಾಬು, ಬಾಯ್ಲರು, ತಿಳಿದವರು ಇರುವ ಕಡೆ ಆಗುವ ಕೆಲಸ. ಒಬ್ಬ ಬೆಳೆಗಾರನ ಕೈಗೆ ಎಟುಕದ್ದು, ಹತ್ತಾರು ತೋಟಗಳು ಸೇರಿದರೆ ಎಟುಕೀತು.

ತೊಡಕು ಬೇರೆಲ್ಲೋ ಇದೆ. ಹಸಿ ಸಿಪ್ಪೆಯಲ್ಲಿ ನೀರೇ ಹೆಚ್ಚು, ಇಟ್ಟರೆ ಕೊಳೆಯುತ್ತದೆ, ಲಾರಿ ಬಾಡಿಗೆ ಹುಟ್ಟೋದಿಲ್ಲ. ಬೇಗ ಒಣಗಿಸಿದರೆ ಮಾತ್ರ ಅದು ಸರಕು. ಕೊಯ್ಲಿನ ಕಾಲಕ್ಕೆ ಬಿಸಿಲೇನೋ ಇರುತ್ತದೆ. ಆದರೆ ಆಗ ಕಣದಲ್ಲಿ ಬೀಜ ಹರಡಲಿಕ್ಕೇ ಜಾಗ ಸಾಲದು. ಸಿಪ್ಪೆಗೆ ಕಣ ಬಿಟ್ಟುಕೊಡುವವರು ಯಾರು? ಲೆಕ್ಕ ಅಲ್ಲಿಂದ ಶುರುವಾಗಬೇಕು.